ಸ್ಲೇಟಿನ ಮೇಲೆ ಮೊಟ್ಟೆ

...ಕಿಟಕಿ ಕಡೆ ಅಲ್ಲ ರೀ, ಟ್ಯಾಂಕಿನ ಕಡೆ ನೋಡಿ. ಕುತ್ತಿಗೆ ತಿರುಗಿಸೋಕೆ ಆಗ್ತಿಲ್ವಾ? ಇರಿ, ಇನ್ನೊಂದು ದಿಂಬು ಕೊಡ್ತೀನಿ. ಹಾಂ. ಈಗ ಕಾಣುತ್ತಾ? ಆ ಸ್ಲೇಟು. ಮಗಳ ಹಳೇ ಸ್ಲೇಟು, ನೀವೇ ಮೂಲೇಲಿ ಓರೆಯಾಗಿ ಒರಗಿಸಿ ಇಟ್ಟಿದ್ರಲ್ಲ, ಅದರ ಮೇಲೆ. ಸಾಸಿವೆಗಿಂತ ಸಣ್ಣಗೆ, ಸಾಲು ಸಾಲಾಗಿ... ಮೊಟ್ಟೆ ರೀ. ನಿಮ್ಮ ಏಂಜಲ್ ಮೀನು ಮೊಟ್ಟೆ ಇಟ್ಟಿದೆ!

ಬೆಳಿಗ್ಗೆ ಕಸ ಗುಡಿಸೋಕೆ ಬಂದೋಳು ನೋಡ್ದೆ, ಪೊರಕೆ ಅಲ್ಲೇ ಬಿದ್ದಿದೆ ನೋಡಿ ಇನ್ನೂ. ಗಂಡು ಹೆಣ್ಣು ಎರಡೂ ಸ್ಲೇಟಿನ ಮುಂದೆ ನಿಂತು ರೆಕ್ಕೆ ಬೀಸ್ತಾ ಇದ್ವು, ಇದು ಸ್ವಲ್ಪ ಹೊತ್ತು, ಅದು ಸ್ವಲ್ಪ ಹೊತ್ತು. ನನಗೆ ಕಣ್ಣಲ್ಲಿ ನೀರೇ ಬಂತು. ಮಗಳಿಗೂ ಇನ್ನೂ ಫೋನ್ ಮಾಡಿಲ್ಲ, ಮೊದಲು ನಿಮಗೇ ಹೇಳ್ಬೇಕು ಅಂತ. ಎಲ್ಲಿ, ಒಂದು "ಹೂಂ" ಅನ್ನಿ ನೋಡೋಣ.

ಅನ್ನಲ್ವಾ? ಆ ಸ್ಟ್ರೋಕ್ ಆದ ಮೇಲೆ ನಿಮ್ಮ ಹತ್ರ ಉಳಿದಿರೋದೇ ಎರಡು ಮಾತು, ಹೂಂ ಒಂದು, ಉಹುಂ ಒಂದು. ಅದರಲ್ಲೂ ಜಿಪುಣತನ ಮಾಡಿದ್ರೆ ಹೇಗೆ? ಚೆನ್ನಾಗಿದ್ದಾಗಲೂ ನನ್ನ ಪಾಲಿಗೆ ಅವೆರಡೇ ಬರ್ತಿದ್ದಿದ್ದು ಬಿಡಿ. ಉಳಿದ ಮಾತೆಲ್ಲ ಈ ಗಾಜಿನ ಮುಂದೆ ಕೂತು ಇವುಗಳ ಹತ್ರ ಆಡಿ ಮುಗಿಸಿಬಿಡ್ತಿದ್ರಿ. ತಮಾಷೆಗೆ ಹೇಳ್ದೆ, ಹಾಗೆ ನೋಡ್ಬೇಡಿ. ಬಾಯಿ ತೆಗೀರಿ, ಗಂಜಿ ಆರಿ ಹೋಗುತ್ತೆ. ಹಾಂ... ನುಂಗಿ. ನಿಧಾನ.

ಮುಂಚೆ ಮೊಟ್ಟೆ ಅಂದ್ರೆ ನಿಮ್ಮ ಅವತಾರವೇ ಬೇರೆ. ಮನೇಲಿ ಕುಕ್ಕರ್ ಕೂಗಬಾರದು, ಬಾಗಿಲು ಬಡೀಬಾರದು, ಜೋರಾಗಿ ಕೆಮ್ಮಬಾರದು. ಬೆಳ್ಳಗಾದ ಮೊಟ್ಟೆ ಕೆಟ್ಟಿದ್ದು ಅಂತ ಒಂದೊಂದನ್ನೇ ಕಡ್ಡಿ ತುದಿಯಿಂದ ತೆಗೀತಾ ಕೂತ್ರೆ ಊಟದ ನೆನಪೂ ಇರ್ತಿರಲಿಲ್ಲ. ಮಗಳು ಹುಟ್ಟಿದಾಗಲೂ ಅಷ್ಟೇ, ಮರಿ ಈಜೋಕೆ ಶುರುಮಾಡಿವೆ ಅಂತ ಆಸ್ಪತ್ರೆಗೆ ತಡವಾಗಿ ಬಂದ್ರಿ. ಬಂದು, ಮಗೂನ ಬೆಳಕಿಗೆ ಹಿಡಿದು ಏನಂದ್ರಿ ನೆನಪಿದೆಯಾ? "ಪರವಾಗಿಲ್ಲ, ಬೆನ್ನು ನೆಟ್ಟಗಿದೆ." ಸೊಟ್ಟ ಮರಿಗಳನ್ನ ಆರಿಸಿ ತೆಗೆಯೋ ಅಭ್ಯಾಸ ನೋಡಿ ನಿಮಗೆ! ನರ್ಸು ಬಿದ್ದೂ ಬಿದ್ದೂ ನಕ್ಕಳು. ನಾನೂ ನಕ್ಕೆ. ಆಗಿನ್ನೂ ನಗು ಬರ್ತಿತ್ತು.

ಉಹುಂ? ಏನು ಉಹುಂ? ಗಂಜಿ ಬೇಡ್ವಾ? ಉಪ್ಪು ಜಾಸ್ತಿ ಆಯ್ತಾ? ಅದಲ್ಲ... ದೀಪ ಆರಿಸ್ಬೇಕಾ? ಅದೂ ಅಲ್ಲ. ಮತ್ತೆ? ಟ್ಯಾಂಕು. ಸರಿ, ಟ್ಯಾಂಕಿನಲ್ಲಿ ಏನು? ಅಜ್ಜಿ ಮೊಟ್ಟೆ ಇಟ್ಟಿದ್ದಾಳೆ ಅಂತ ಸಂತೋಷವಾಗಿ ಹೇಳಿದ್ರೆ ಉಹುಂ ಅಂತೀರಲ್ಲ. ಡಾಕ್ಟರು ಏನಂದಿದ್ದಾರೆ ಗೊತ್ತಲ್ಲ, ಔಷಧಿ ನಾವು ಕೊಡ್ತೀವಿ, ಬದುಕೋ ಮನಸ್ಸು ಅವರಿಗೇ ಬರ್ಬೇಕು ಅಂತ. ಅದಕ್ಕೇ ಅಲ್ವಾ ನಾನು ಇಷ್ಟು ದೊಡ್ಡ ಟ್ಯಾಂಕನ್ನ ಇಬ್ಬರು ಆಳು ಹಿಡಿದು ಇಲ್ಲಿ ತಂದಿಡಿಸಿದ್ದು? ಮರಿ ಬಂದ ಮೇಲಾದ್ರೂ ನಿಮಗೆ...

ಅಜ್ಜಿ.

ಅಯ್ಯೋ.

ಅಲ್ಲ, ನೀವೇ ಅಲ್ವಾ ಈ ಹೆಣ್ಣು ಮೀನಿಗೆ ಆ ಹೆಸರಿಟ್ಟಿದ್ದು. ಮೀನಿನ ಅಂಗಡಿಯವನು ಜೋಡಿ ಕೊಡಿ ಸಾರ್ ಅಂತ ಕೇಳ್ದಾಗ ನೀವು ನಕ್ಕು ಹೇಳಿದ್ರಿ, "ಅಜ್ಜಿಗೆ ಪೆನ್ಷನ್ ಆಗಿದೆಯಪ್ಪ, ಮೊಟ್ಟೆ ಇಡೋದು ನಿಲ್ಲಿಸಿ ವರ್ಷಗಳೇ ಆಯ್ತು, ಸುಮ್ಮನೆ ಕೂರಿಸಿ ಸಾಕ್ತಿದ್ದೀನಿ" ಅಂತ. ನಾನೇ ಕಾಫಿ ತಂದುಕೊಡ್ತಾ ಕೇಳಿಸ್ಕೊಂಡಿದ್ದೆ. ಕೇಳಿಸ್ಕೊಂಡೂ... ಬೆಳಿಗ್ಗೆ ಆ ಮೊಟ್ಟೆ ನೋಡಿದ ಖುಷಿಗೆ ತಲೆಗೆ ಹೊಳೀಲೇ ಇಲ್ಲ ನೋಡಿ.

ನೀರು ಬದಲಾಯ್ತಲ್ಲ, ಅದಕ್ಕೆ ಇರಬಹುದು. ಈ ಕೋಣೇಲಿ ಬಿಸಿಲು ಚೆನ್ನಾಗಿ ಬರುತ್ತೆ. ಒಂದೊಂದು ಸಲ ವಯಸ್ಸಾದ ಮೇಲೂ... ಇಲ್ವಾ? ಇಲ್ಲ. ಮೀನಿನ ವಿಷಯದಲ್ಲಿ ನಿಮ್ಮ ಹತ್ರ ಬೊಗಳೆ ಬಿಡೋಕೆ ನಾನ್ಯಾರು.

ಸರಿ. ಅವಳು ಅಜ್ಜಿ ಅಲ್ಲ. ಅವನೂ ಅವನಲ್ಲ. ಸತ್ತವು ರೀ. ನೀವು ಆಸ್ಪತ್ರೇಲಿದ್ದಾಗ. ಉಳಿದ ಟ್ಯಾಂಕಿನವನ್ನೆಲ್ಲ ಅಂಗಡಿಯವನು ನೋಡ್ಕೊಳ್ತಿದ್ದಾನೆ ಅಂದಿದ್ನಲ್ಲ, ಅದೂ ಸುಳ್ಳು. ಅವೂ ಹೋದವು, ಮರಿ ಮಕ್ಕಳ ಸಮೇತ. ನಿಮ್ಮ ಫೋನಿನಲ್ಲಿದ್ದ ಫೋಟೋ ತಗೊಂಡು ಹೋಗಿ, ಮೈಮೇಲಿನ ಪಟ್ಟೆ ಹೋಲಿಸಿ ಹೋಲಿಸಿ ಈ ಎರಡನ್ನ ತಂದೆ. ನಿಮ್ಮ ಒಳ್ಳೇದಕ್ಕೇ ತಂದೆ. ಏನ್ಮಾಡ್ಲಿ, ಕರೆಂಟು ಹೋಗಿತ್ತು. ಹೋಗಿದ್ದು ಬರಲೇ ಇಲ್ಲ, ಬೀದಿ ಪೂರ್ತಿ ಕತ್ತಲು. ಹೀಟರು ನಿಂತು, ಪಂಪು ನಿಂತು... ನಾನಾದ್ರೂ ಎಲ್ಲಿದ್ದೆ ಹೇಳಿ, ನಿಮ್ಮ ಹಾಸಿಗೆ ಪಕ್ಕದಲ್ಲಿದ್ದೆ.

ಯಾಕೆ ಹಾಗೆ ನೋಡ್ತೀರಿ? ಉಹುಂ ಅನ್ನೋದಿದ್ರೆ ಉಹುಂ ಅನ್ನಿ. ಅದನ್ನೂ ನಿಲ್ಲಿಸಿಬಿಟ್ರಾ?

ಬ್ಯಾಟರಿ... ಹೌದು, ಬ್ಯಾಟರಿ ಇತ್ತು. ಕರೆಂಟು ಹೋದ ತಕ್ಷಣ ಪಂಪು ಅದರ ಮೇಲೇ ಓಡೋ ಹಾಗೆ ನೀವೇ ತಂತಿ ಎಳೆದು ಕೂರಿಸಿದ್ರಿ. ಗೊತ್ತು. ನನ್ನ ಗಂಡ ಮನೆಗೆ ದೀಪ ಉರಿಯೋ ವ್ಯವಸ್ಥೆ ಮಾಡದೇ ಇರಬಹುದು, ಮೀನಿಗೆ ಮಾಡಿರ್ತಾನೆ ಅಂತ ನನಗೆ ಗೊತ್ತಿರಲ್ವಾ.

ಏನಾದ್ರೂ ಅನ್ನಿ ರೀ. ಬೈಯೋಕೆ ಬರಲ್ಲ ಅಂತ ಗೊತ್ತು. ಹೂಂ ಆದ್ರೂ ಅನ್ನಿ... ಈ ನಿಮ್ಮ ಸುಮ್ಮನಿರೋದನ್ನ ಮದುವೆಯಾದಾಗಿಂದ ಕೇಳಿ ಕೇಳಿ ನನಗೆ ಸಾಕಾಗಿದೆ.

ಆ ದಿನ ಮಧ್ಯಾಹ್ನ ಸ್ನಾನಕ್ಕೆ ಅಂತ ಮನೆಗೆ ಬಂದೆ. ಆಸ್ಪತ್ರೇಲಿ ನಿಮ್ಮ ಮೂಗಿಗೆ ಗಾಳಿ ಕೊಡ್ತಿದ್ರಲ್ಲ, ಗೋಡೇಲಿ ಒಂದು ನೀರಿನ ಬಾಟಲು ಇರುತ್ತೆ, ಅದರೊಳಗೆ ಹಗಲೂ ರಾತ್ರಿ ಬುರುಬುರು, ಬುರುಬುರು. ಡಾಕ್ಟರು ಹೊರಗೆ ಕರೆದು, ಭರವಸೆ ಇಟ್ಕೋಬೇಡಿ ಅಮ್ಮ, ಹೀಗೇ ಎಷ್ಟು ಕಾಲ ಮಲಗಿರ್ತಾರೋ ಹೇಳೋಕಾಗಲ್ಲ ಅಂದಿದ್ರು. ಮನೆಗೆ ಬಂದು ಬಾಗಿಲು ತೆಗೀತೀನಿ, ಇಲ್ಲೂ ಅದೇ ಬುರುಬುರು. ಒಂದಲ್ಲ, ಅಷ್ಟೂ ಟ್ಯಾಂಕಿನಿಂದ. ನನಗೆ ತಡ್ಕೊಳ್ಳೋಕೆ ಆಗಲಿಲ್ಲ. ಸ್ವಿಚ್ಚು ಆರಿಸಿದೆ. ತಕ್ಷಣ ಬ್ಯಾಟರಿ ಶುರುವಾಯ್ತು, ಅದರ ತಂತಿನೂ ಕಿತ್ತೆ. ಆಮೇಲೆ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ? ನೆಲದ ಮೇಲೇ.

ಎದ್ದಾಗ ಎಲ್ಲವೂ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು. ಅಜ್ಜಿನೂ. ಆಗಲೂ ಸ್ವಿಚ್ಚು ಹಾಕಬಹುದಿತ್ತು. ಮರೆತೆ ಅಂತ ಮಗಳಿಗೆ ಹೇಳಿದ್ದೀನಿ, ಮರೆತಿರಲಿಲ್ಲ. ಬೀಗ ಹಾಕ್ಕೊಂಡು ಆಸ್ಪತ್ರೆಗೆ ಬಂದು ನಿಮ್ಮ ಪಕ್ಕ ಕೂತೆ. ಅಲ್ಲಿ ಆ ಬಾಟಲು ಇನ್ನೂ ಬುರುಬುರು ಅಂತಿತ್ತು. ಅದನ್ನ ನಿಲ್ಲಿಸೋ ತಿರುಪು ನನ್ನ ಕೈಗೆ ಎಟುಕೋ ಹಾಗಿರಲಿಲ್ಲ, ನರ್ಸು ಯಾವಾಗ್ಲೂ...

ಹಾಗಲ್ಲ. ನಾನು ಹೇಳಿದ್ದು ಹಾಗಲ್ಲ ರೀ. ಸುಸ್ತಾಗಿತ್ತು. ಮೂರು ಹೊತ್ತೂ ನಿಮ್ಮ ಮೈ ಒರೆಸೋಳು ನಾನೇ ಅಲ್ವಾ, ಈ ಚಮಚ ಹಿಡಿದಿರೋಳು ನಾನೇ ಅಲ್ವಾ? ಬಾಯಿ ತೆಗೀರಿ. ಇದೊಂದು ತುತ್ತು. ಸೆರಗಿನ ಮೇಲೆಲ್ಲ ಚೆಲ್ತಾ ಇದೆ, ತೆಗೀರಿ ಅಂದೆ.

ಏನು, ಎಲ್ಲಿ ನೋಡ್ತಿದ್ದೀರಿ?

ಅಯ್ಯೋ, ಸ್ಲೇಟು... ಅರ್ಧ ಖಾಲಿಯಾಗಿದೆ. ಅದು ತಿಂತಿದೆ ರೀ, ತಾಯಿನೇ ತಿಂತಿದೆ! ನಾನು ಕೂಗಾಡಿದ್ದಕ್ಕೆ ಬೆದರಿತಾ? ಎಷ್ಟೊತ್ತಿಂದ? ನೀವು ಅದನ್ನೇ ನೋಡ್ತಾ ಇದ್ರಿ. ನೋಡ್ತಾ ನೋಡ್ತಾ ಒಂದು ಸಣ್ಣ ದನಿನೂ ತೆಗೀಲಿಲ್ಲ. ನಿಮ್ಮವಾಗಿದ್ರೆ ಈ ಸೊಟ್ಟ ಬಾಯಲ್ಲೇ ಮನೆ ಹಾರಿಹೋಗೋ ಹಾಗೆ ಅರಚ್ತಿದ್ರಿ.

ಈ ಟ್ಯಾಂಕು ತಂದಿಟ್ಟ ಮೊದಲನೇ ದಿನವೂ ನೀವು ಹೀಗೇ ಸುಮ್ಮನೆ ಮಲಗಿದ್ರಿ. ಕಣ್ಣಲ್ಲಿ ನೀರಿತ್ತು. ನಾನು ಅದನ್ನ ಸಂತೋಷ ಅಂದ್ಕೊಂಡು, ಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.