ವಾರ್ನಿಷ್ ಮೇಲೆ ಅಂಟು

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಒಂದು ಕಟ್ಟು ಸ್ಯಾಂಡ್‌ಪೇಪರ್.

"ಮತ್ತೆ ಇದ್ಯಾಕ್ರೀ? ನೀವು ಕಟ್ತಿರೋ ವಿಮಾನದ ಚೌಕಟ್ಟು ಮುಗೀತು, ಮೇಲೆ ಪ್ಲೈವುಡ್ ಅಂಟಿಸಿದ್ರೆ ಆಯ್ತು ಅಂದಿದ್ರಿ."

"ಬೇಗ ಮುಗಿಸಿ ಅಂತ ನೀನು ಪ್ರಾಣ ತಿಂದೆ. ಅವಸರದಲ್ಲಿ ಅಂಟು ಹಾಕೋ ಜಾಗಕ್ಕೂ ವಾರ್ನಿಷ್ ಬಳಿದುಬಿಟ್ಟೆ."

"ಅದಕ್ಕೇನೀಗ?"

"ವಾರ್ನಿಷ್ ಮೇಲೆ ಅಂಟು ಹಿಡಿಯಲ್ಲ. ಅಷ್ಟನ್ನೂ ಉಜ್ಜಿ ತೆಗೀಬೇಕು."

"ಆರು ವರ್ಷದಿಂದ ಮರದ ವಿಮಾನ ಶೆಡ್ಡಲ್ಲಿ, ಕಾರು ಬೀದೀಲಿ. ಹಾಗೇ ಅಂಟಿಸಿ, ಯಾರಿಗೆ ಗೊತ್ತಾಗುತ್ತೆ?"

"ಮೇಲೆ ಹೋದಾಗ ಗೊತ್ತಾಗುತ್ತೆ. ಪಕ್ಕದ ಸೀಟು ನಿಂದೇ."

ಸರದಿ ಬಂದಾಗ ಆಕೆ ಅಂಗಡಿಯವನಿಗೆ, "ಇದೇ ಇನ್ನೆರಡು ಕಟ್ಟು ಕೊಡಿ" ಅಂದರು. ಮೂರನ್ನೂ ತಾವೇ ಎತ್ತಿಕೊಂಡು ಗಂಡನಿಗಿಂತ ಮೊದಲೇ ಹೊರಟರು.