ತವರಿನ ಕಾಳಿಗೆ ಕಾಲು ಬಂದದ್ದು

ಹ್ಞೂಂ ಅಂತಿರ್ರಪ್ಪಾ, ಹ್ಞೂಂ ಅನ್ನೋರಿಲ್ಲದಿದ್ರೆ ನನ್ನ ಕಥೆಗೂ ನಿದ್ದೆ ಬರ್ತದೆ. ಯಾವುದೋ ಸೀಮೆ, ಯಾವುದೋ ಕಾಲ. ಕಾಡಂಚಿಗೆ ಒಂದೂರು. ಆ ಊರಿಗೆ ಹೊನ್ನೀರಿ ಅನ್ನೋ ಹುಡುಗಿ ಸೊಸೆಯಾಗಿ ಬಂದಳು. ಅಪ್ಪ ಇಲ್ಲ, ಅವ್ವ ಇಲ್ಲ, ಸಾಕಿದ ಅಜ್ಜಿಯೂ ತೀರಿಕೊಂಡಿದ್ದಳು.

ಅಲ್ಲೊಂದು ಪದ್ಧತಿ. ಸೊಸೆ ಆದವಳು ತವರಿಂದ ಹಿಡಿ ಹೆಸರುಕಾಳು ತಂದು ಅತ್ತೆಮನೆ ಅಂಗಳದಲ್ಲಿ ಬಿತ್ತಬೇಕು. ಮೊಳೆತರೆ ಅವಳು ಆ ಮನೆಯವಳು. ಮೊಳೆಯದಿದ್ದರೆ? ವಾಪಸ್ಸು ತವರಿಗೆ. ತವರೇ ಇಲ್ಲದವಳು ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ಹೊನ್ನೀರಿಯೂ ಸೆರಗಿಗೆ ಕಾಳು ಕಟ್ಟಿಕೊಂಡೇ ಹೊರಟಿದ್ದಳು. ಕಾಡುದಾರೀಲಿ ಒಂದು ಸೀಬೆ ಗಿಡದ ಕೆಳಗೆ ಕೂತು ನೋಡ್ತಾಳೆ, ಗಂಟು ಬಿಚ್ಚಿಹೋಗಿದೆ, ಒಂದು ಕಾಳೂ ಇಲ್ಲ. ಸುತ್ತ ತಡಕಾಡಿದಳು. ಅಷ್ಟರಲ್ಲಿ ತರಗೆಲೆ ನಡುವೆ ಕಾಳು ಕಂಡವು. ಸದ್ಯ, ಇಲ್ಲೇ ಚೆಲ್ಲಿದೆ ಅಂದುಕೊಂಡು ಒಂದೊಂದೇ ಆಯ್ದು ತಂದಳು, ಬಿತ್ತಿದಳು.

ನೀರು ಹಾಕಿದಳು, ಮೊಳೆಯಲಿಲ್ಲ. ಗೊಬ್ಬರ ಹಾಕಿದಳು, ಮೊಳೆಯಲಿಲ್ಲ. ಬಿಸಿಲು ಬೀಳದ ಹಾಗೆ ಸೆರಗು ಹಿಡಿದು ಕೂತಳು, ಊಹ್ಞೂಂ. ಅತ್ತೆ ಚೌಡವ್ವ ಬೈಯಲಿಲ್ಲ. ಈ ಅಮಾವಾಸ್ಯೆವರೆಗೂ ನೋಡೋಣ ಅಂದಳು, ಮುಂದಿನ ಅಮಾವಾಸ್ಯೆ ಅಂದಳು, ಆಮೇಲೆ ಇನ್ನೊಂದು ಅಂದಳು. ಕೊನೆಗೆ ಊರ ಹಿರಿಯರೇ ಬಂದು, ನಾಳೆ ಬೆಳಿಗ್ಗೆ ಕಳಿಸಿಬಿಡು ಅಂತ ಹೇಳಿ ಹೋದರು.

ಬೆಳಿಗ್ಗೆ ಹೊನ್ನೀರಿ ಬಟ್ಟೆ ಗಂಟು ಹಿಡಿದು, ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದಳು. ಹಿರಿಯರೂ ಬಂದು ನಿಂತಿದ್ದರು. ಆಗ ಮಣ್ಣು ಮಿಸುಕಿತು, ಕೇಳಿ. ಒಂದು ಹಸಿರು ಕಡ್ಡಿ ಮೇಲೆ ಬಂತು, ಇನ್ನೊಂದು ಬಂತು, ಮತ್ತೊಂದು ಬಂತು. ಬಂದ ಕಡ್ಡಿ ಸುಮ್ಮನೆ ನಿಂತಿತೇ? ಆರು ಕಾಲು ಬಿಡಿಸಿ ನಡೆದೇಬಿಟ್ಟಿತು. ಅವು ಕಾಳಲ್ಲ ಕಣ್ರಪ್ಪಾ, ಕಡ್ಡಿಹುಳದ ಮೊಟ್ಟೆ!

ಇದು ಪೈರಲ್ಲ ಹುಳ, ಇವಳು ಮೋಸ ಮಾಡಿದಳು ಅಂದರು ಹಿರಿಯರು. ಹೊನ್ನೀರಿ ಕಾಡುದಾರೀಲಿ ಆದದ್ದೆಲ್ಲ ಹೇಳಿ, ನನಗೆ ಗೊತ್ತಿರಲಿಲ್ಲ ಅತ್ತೆ ಅಂತ ತಲೆ ತಗ್ಗಿಸಿದಳು. ಹುಳಗಳು ಬೀದಿ ಕಡೆ ಹೋಗಲಿಲ್ಲ, ಕಾಡಿನ ಕಡೆ ಹೋಗಲಿಲ್ಲ. ಚೌಡವ್ವನ ಅಂಗಳದಲ್ಲೂ ಒಂದು ಸೀಬೆ ಗಿಡವಿತ್ತು. ಅದನ್ನೇ ಹತ್ತಿ ಕೊಂಬೆ ಹಿಡಿದು ಕೂತವು.

ಚೌಡವ್ವ ಸೊಸೆಯ ಕೈಯಿಂದ ಗಂಟು ಇಸಕೊಂಡಳು.

"ಬೇರಿರೋದು ನಿಂತ್ರೆ ಏನು ದೊಡ್ಡದು, ಯಜಮಾನ್ರೇ? ಇವಕ್ಕೆ ಕಾಲಿತ್ತು, ಕಾಡೂ ಹತ್ರ ಇತ್ತು. ಆದ್ರೂ ನಮ್ಮನೇಲೇ ನಿಂತ್ವು."

ಹಿರಿಯರು ಬಂದ ದಾರಿ ಹಿಡಿದರು. ಚೌಡವ್ವ ಹೊನ್ನೀರಿಯ ತಲೆ ಸವರಿ, "ನಡಿ ಕೂಸೇ, ಒಲೆ ಹಚ್ಚು" ಅಂದಳು.

ಅವತ್ತಿಂದ ಆ ಊರಲ್ಲಿ ಯಾವ ಸೊಸೆಯನ್ನೂ ಕಾಳು ಕೇಳಲ್ಲವಂತೆ. ಅವರ ಸೀಬೆ ಗಿಡ ಅಲ್ಲಿ, ನಮ್ಮ ಚಾಪೆ ಇಲ್ಲಿ. ಏಳಿ, ದೀಪ ಸಣ್ಣ ಮಾಡಿ.