ಹೊಸ ಹಲ್ಲು

"ಅಪ್ಪನೇ ಹಲ್ಲುಜ್ಜದ ಕೊಳಕ, ಇನ್ನು ಮಗಳು ಉಜ್ತಾಳಾ?"

ಚಿಂತಾಮಣಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಊದಿದ ದವಡೆ ಹಿಡಿದುಕೊಂಡಿದ್ದ ಮುದ್ದಪ್ಪನೂ ನೋಡಿದ. ಅಂದವರು ರಿಟೈರಾದ ಟೀಚರ್ ಜಾನಕಮ್ಮ. ಅನ್ನಿಸಿಕೊಂಡವನು ಆಗತಾನೆ ಡಾಕ್ಟರ ಕೋಣೆಯಿಂದ ಮಗಳೊಡನೆ ಹೊರಬಂದ ಜಗನ್. ಅಪ್ಪ, ಮಗಳು ಇಬ್ಬರ ಹಲ್ಲಿನ ಮೇಲೂ ಕಂದು ಪಟ್ಟೆ.

"ಉಜ್ಜಿ ಉಜ್ಜಿ ವಸಡಲ್ಲಿ ರಕ್ತ ಬರ್ತೈತೆ ಮೇಡಂ. ಇದು ಕೊಳೆ ಅಲ್ಲ, ನಮ್ ಕಡೆ ಬೋರ್‌ವೆಲ್ ನೀರು."

ಅದೇ ನೀರು ಕುಡಿದು ಬೆಳೆದ ಮುದ್ದಪ್ಪ ತನ್ನ ಹಲ್ಲು ಕಾಣದಂತೆ ತುಟಿ ಬಿಗಿದುಕೊಂಡ.

"ನೀರಿಗ್ಯಾಕಪ್ಪ ಬೈತೀಯ?" ಅಂದರು ಜಾನಕಮ್ಮ. "ಡಾಕ್ಟ್ರು ಏನಂದ್ರು?"

"ಅದೇ ಅಂದ್ರು. ನೀರಲ್ಲಿ ಫ್ಲೋರೈಡ್ ಐತಂತೆ. ಹಲ್ಲು ಹುಟ್ಟೋಕೆ ಮುಂಚೇನೇ ಒಳಗೆ ಹತ್ಕಂಡಿರ್ತೈತಂತೆ. ಇವಳ ಹಾಲುಹಲ್ಲು ಬಿದ್ದು ಹೊಸವು ಬರ್ತಾನೇ ಹಿಂಗೆ ಬಂದ್ವು. ಉಜ್ಜಿದ್ರೆ ಹೋಗಲ್ಲ."

ಜಾನಕಮ್ಮನ ದನಿ ತಗ್ಗಿತು. "ಫಿಲ್ಟರ್ ನೀರು ಕುಡಿಸ್ಬೇಕಪ್ಪ."

"ಊರಲ್ಲಿ ಫಿಲ್ಟರ್ ಐತೆ. ಕೆಟ್ಟೋಯ್ತು ಅಂತ ಪಂಚಾಯ್ತಿಯೋರು ಬೀಗ ಹಾಕಿದ್ರು. ಈಗ ಬೀಗದ ಕೈನೂ ಇಲ್ವಂತೆ."

"ಮನೇಲಿ ಇನ್ನೂ ಮಕ್ಳಿದಾರಾ?"

"ಚಿಕ್ಕೋಳು ಒಬ್ಳವಳೆ. ಇನ್ನೂ ಹಾಲುಹಲ್ಲು. ಮಲ್ಲಿಗೆ ಮೊಗ್ಗಿದ್ದಂಗವೆ ಮೇಡಂ."

"ಅವಳು ಯಾವ ನೀರು ಕುಡೀತಾಳಪ್ಪ?"

ಜಗನ್ ಮಗಳ ಕೈ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.